ಸ್ಟಾಪರ್‌ಗೆ ಸಂಬಳ ಕೊಡುವವರು ಯಾರು?

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ತಂಡ ಕುವೈತ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಿತು. ಮಾರನೆಯ ದಿನದ ಪತ್ರಿಕೆಗಳಲ್ಲಿ ಸುನಿಲ್ ಛೆಟ್ರಿ ಇದ್ದರು, ಗೋಲ್‌ಕೀಪರ್ ಗುರ್‌ಪ್ರೀತ್ ಇದ್ದರು. ಅಂದು ಗೆರೆಯ ಪಕ್ಕ ನಿಂತು ತಂಡವನ್ನು ನಡೆಸಿದವರು ಯಾರೆಂದು ಇವತ್ತು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಇಗೊರ್ ಸ್ಟಿಮಾಚ್ ಎನ್ನುತ್ತಾರೆ. ಸ್ಟಿಮಾಚ್ ಕೆಂಪು ಕಾರ್ಡ್ ಪಡೆದು ಸೆಮಿಫೈನಲ್ ಮತ್ತು ಫೈನಲ್ ಎರಡಕ್ಕೂ ಹೊರಗಿದ್ದರು. ನಿಂತಿದ್ದವರು ಸಹಾಯಕ ಕೋಚ್ ಮಹೇಶ್ ಗವಳಿ. ವರ್ಷಗಟ್ಟಲೆ ಭಾರತಕ್ಕೂ ಗೋವಾದ ಡೆಂಪೊ ತಂಡಕ್ಕೂ ಸ್ಟಾಪರ್ ಆಗಿ ಆಡಿದವರು. ಆಡುವ ಕಾಲದಲ್ಲೂ ಇವರ ಹೆಸರು ದಪ್ಪಕ್ಷರದಲ್ಲಿ ಬಂದದ್ದು ಕಡಿಮೆ. ಡಿಫೆಂಡರ್ ತಪ್ಪು ಮಾಡಿದ ದಿನ ಮಾತ್ರ ಸುದ್ದಿಯಾಗುತ್ತಾನೆ.

ಇಂಥ ಒಬ್ಬ ಆಟಗಾರ ನಿವೃತ್ತನಾದ ಮೇಲೆ ಏನಾಗುತ್ತಾನೆ, ಅವನಿಗೆ ಗೊತ್ತಿರುವುದು ಯಾವ ಮಕ್ಕಳಿಗೆ ತಲುಪುತ್ತದೆ ಎಂಬುದು ಈ ಬರಹದ ವಿಷಯ. ನನ್ನ ವಾದ ಇಷ್ಟು. ಪೀಣ್ಯದ ಲೇತ್ ಮಷಿನ್ ಕೆಲಸಗಾರನ ಮಗನಿಗೋ, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವಳ ಮಗಳಿಗೋ ದೇಶಕ್ಕೆ ಆಡಿದ ಒಬ್ಬ ಡಿಫೆಂಡರ್ ಪಾಠ ಹೇಳುವ ದಾರಿಯನ್ನು ಈ ಊರು ಮುಚ್ಚಿದೆ. ಕೋಚ್‌ಗೆ ಸಂಬಳ ಕೊಡುವವರು ಮಗುವಿನ ಅಪ್ಪ ಅಮ್ಮ ಮಾತ್ರ ಎಂಬ ಏರ್ಪಾಟನ್ನು ನಾವು ಸಹಜ ಎಂದು ಒಪ್ಪಿಕೊಂಡಿದ್ದೇವೆ. ಅದು ಸಹಜವೂ ಅಲ್ಲ, ಹಳೆಯದೂ ಅಲ್ಲ. ಇದೇ ಊರಿನ ಇದೇ ಕೈಗಾರಿಕಾ ಪಟ್ಟಿಯಲ್ಲಿ ನಲವತ್ತು ವರ್ಷದ ಹಿಂದೆ ಬೇರೆ ಏರ್ಪಾಟು ಇತ್ತು.

ಮೊದಲು ಡಿಫೆಂಡರ್‌ಗೆ ಗೊತ್ತಿರುವುದು ಏನು ಎಂದು ನೋಡೋಣ. ಗೋಲು ಹೊಡೆಯುವ ಹುಡುಗನಿಗೆ ಅರ್ಧ ಕೌಶಲ ತಾನಾಗಿ ಬರುತ್ತದೆ, ಚೆಂಡು ಕಾಲಿಗೆ ಸಿಕ್ಕರೆ ಸಾಕು, ಆಡುತ್ತ ಆಡುತ್ತ ಕಲಿಯುತ್ತಾನೆ. ಡಿಫೆನ್ಸ್ ಹಾಗೆ ಬರುವುದಿಲ್ಲ. ಎದುರಾಳಿ ಚೆಂಡು ತಂದಾಗ ಕಾಲು ಚಾಚದೆ ಕಾಯುವುದು, ಮೈಯನ್ನು ಓರೆ ಮಾಡಿ ನಿಂತು ಅವನನ್ನು ಗೆರೆಯ ಕಡೆಗೆ ಅಟ್ಟುವುದು, ತನ್ನ ಪಕ್ಕದವನು ಮುಂದೆ ಹೋದರೆ ಅವನ ಹಿಂದಿನ ಜಾಗ ತುಂಬುವುದು, ನಾಲ್ಕು ಜನ ಒಂದೇ ಗೆರೆಯಲ್ಲಿ ಒಟ್ಟಿಗೆ ಹೆಜ್ಜೆ ಮುಂದಿಟ್ಟು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸುವುದು, ಮೇಲಿಂದ ಬರುವ ಚೆಂಡಿಗೆ ಯಾವ ಕ್ಷಣ ನೆಗೆಯಬೇಕೆಂದು ಕಣ್ಣಳತೆಯಲ್ಲಿ ತಿಳಿಯುವುದು. ಇವನ್ನೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಮತ್ತೆ ಮತ್ತೆ ಹೇಳಬೇಕು. ಹತ್ತನೆಯ ವಯಸ್ಸಿಗೆ ಶುರು ಮಾಡಿದರೆ ಹದಿನೆಂಟಕ್ಕೆ ಒಂದು ರೂಪ ಬರುತ್ತದೆ. ಎಂಟು ವರ್ಷ ಒಂದೇ ಹುಡುಗರ ಗುಂಪಿನ ಜೊತೆ ಒಬ್ಬ ಕೋಚ್ ಇರಬೇಕೆಂದರೆ ಅವನಿಗೆ ಎಂಟು ವರ್ಷದ ಸಂಬಳ ಬೇಕು.

ಈಗ ನಮ್ಮ ಹೊರವಲಯದಲ್ಲಿ ಏನಿದೆ? ಟರ್ಫ್ ಇದೆ. ಮಾರತ್ತಹಳ್ಳಿಯಿಂದ ಕಾಡುಗೋಡಿಯವರೆಗೆ, ಬೊಮ್ಮನಹಳ್ಳಿಯಿಂದ ಹೆಬ್ಬಗೋಡಿಯವರೆಗೆ ಬಲೆ ಕಟ್ಟಿದ ಹಸಿರು ಚೌಕಗಳು ಎದ್ದಿವೆ. ಖಾಲಿ ಸೈಟಿನಲ್ಲಿ, ಕಟ್ಟಡದ ತಾರಸಿಯ ಮೇಲೆ, ಫ್ಲಡ್‌ಲೈಟ್ ಹಾಕಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುತ್ತಾರೆ. ಐದೈದು ಜನರ ಆಟ. ಶಿಫ್ಟ್ ಮುಗಿಸಿದ ಎಂಜಿನಿಯರುಗಳು ರಾತ್ರಿ ಹತ್ತಕ್ಕೆ ಬಂದು ಬೆವರು ಹರಿಸಿ ಹೋಗುತ್ತಾರೆ, ಒಳ್ಳೆಯದೇ. ತೊಂದರೆ ಎಂದರೆ ಬೆಳಗ್ಗೆ ಮತ್ತು ಸಂಜೆ ಅದೇ ಚೌಕದಲ್ಲಿ ಮಕ್ಕಳ ‘ಅಕಾಡೆಮಿ’ ನಡೆಯುತ್ತದೆ. ಪೂರ್ಣ ಮೈದಾನ ನೂರು ಮೀಟರ್ ಉದ್ದ ಇರುತ್ತದೆ. ಈ ಚೌಕದಲ್ಲಿ ಆಫ್‌ಸೈಡ್ ಇಲ್ಲ, ಎತ್ತರದ ಚೆಂಡು ಬಲೆಗೆ ಬಡಿಯುತ್ತದೆ, ಹಿಂದೆ ಕಾಯಲು ಜಾಗವೇ ಇಲ್ಲ. ಗವಳಿಯಂಥವರನ್ನೇ ತಂದು ನಿಲ್ಲಿಸಿದರೂ ಅವರಿಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲನ್ನು ಅಲ್ಲಿ ಹೇಳಿಕೊಡಲು ಆಗುವುದಿಲ್ಲ.

ಜಾಗದ ಜೊತೆಗೆ ಫೀಸಿನ ತೊಡಕೂ ಇದೆ. ಫೀಸು ಕಟ್ಟಿದ ತಂದೆ ತಾಯಿ ಮೂರು ತಿಂಗಳಿಗೊಮ್ಮೆ ಫಲ ಕೇಳುತ್ತಾರೆ. ಮಗ ಎಷ್ಟು ಗೋಲು ಹೊಡೆದ? ವಿಡಿಯೊ ಇದೆಯೇ? ‘ನಿಮ್ಮ ಮಗ ಈ ತಿಂಗಳು ಕಾಲು ಚಾಚದೆ ನಿಲ್ಲುವುದನ್ನು ಕಲಿತ’ ಎಂದು ಯಾವ ಕೋಚ್ ಹೇಳಿಯಾನು, ಹೇಳಿದರೆ ಯಾರು ಫೀಸು ಮುಂದುವರಿಸಿಯಾರು? ಎಲ್ಲರನ್ನೂ ಫಾರ್ವರ್ಡ್ ಆಡಿಸಬೇಕು, ಎಲ್ಲರಿಗೂ ಮೆಡಲ್ ಕೊಡಬೇಕು. ಕೋಚ್ ಕೆಟ್ಟವನಾಗಿ ಹೀಗೆ ಮಾಡುವುದಲ್ಲ, ಅವನ ಮನೆ ಬಾಡಿಗೆ ಆ ಫೀಸಿನಿಂದ ಹೋಗುತ್ತದೆ. ಅಪ್ಪ ಅಮ್ಮಂದಿರನ್ನೂ ನಾನು ದೂರುವುದಿಲ್ಲ. ಶಾಲೆಯಲ್ಲಿ ಮೈದಾನ ಇಲ್ಲದ ಊರಿನಲ್ಲಿ ಮಗು ಓಡಾಡಲಿ ಎಂದು ಅವರು ಹಣ ಕೊಡುತ್ತಿದ್ದಾರೆ. ಆದರೆ ಈ ವ್ಯವಹಾರದಿಂದ ಡಿಫೆಂಡರ್ ಹುಟ್ಟುವುದಿಲ್ಲ. ದೇಶದ ದೊಡ್ಡ ಕ್ಲಬ್ಬುಗಳು ವರ್ಷ ವರ್ಷ ವಿದೇಶಿ ಸೆಂಟರ್‌ಬ್ಯಾಕುಗಳನ್ನು ಕರೆತರುವುದನ್ನು ನೋಡಿ. ಬೆಂಗಳೂರು ಎಫ್‌ಸಿಯ ಒಳ್ಳೆಯ ದಿನಗಳಲ್ಲಿ ಹಿಂದಿನ ಸಾಲನ್ನು ಕಾದವರು ಇಂಗ್ಲೆಂಡಿನ ಜಾನ್ ಜಾನ್ಸನ್, ಸ್ಪೇನಿನ ಹ್ವಾನನ್. ಇಬ್ಬರೂ ಒಳ್ಳೆಯ ಆಟಗಾರರು, ಊರು ಅವರನ್ನು ಪ್ರೀತಿಸಿತು. ಆ ಜಾಗಕ್ಕೆ ನಮ್ಮ ಕೇರಿಯ ಹುಡುಗ ಏಕೆ ಬರಲಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಳೆಯ ಏರ್ಪಾಟಿಗೆ ಬರುತ್ತೇನೆ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ, ಐವತ್ತರ ದಶಕದಲ್ಲಿ ಜಾಲಹಳ್ಳಿಯ ಕಡೆ ಎಚ್‌ಎಂಟಿ ಮತ್ತು ಬಿಇಎಲ್. ವಿಮಾನ, ಟೆಲಿಫೋನು, ಗಡಿಯಾರ, ರೇಡಾರು ಮಾಡುವ ಕಾರ್ಖಾನೆಗಳು. ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮೈದಾನ. ಊರಿನ ಫುಟ್‌ಬಾಲ್ ಆಗ ದಂಡುಪ್ರದೇಶದ ಕೇರಿಗಳಲ್ಲಿತ್ತು: ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಹಲಸೂರಿನ ಗೌತಮಪುರ. ಬರಿಗಾಲಿನಲ್ಲಿ ಆಡಿ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ವರೆಗೆ ಹೋದ ಅಹ್ಮದ್ ಖಾನ್ ಈ ಊರಿನವರು. ಇಂಥ ಕೇರಿಗಳ ಹುಡುಗರನ್ನು ಕಾರ್ಖಾನೆಗಳು ಆಟಕ್ಕೆಂದು ಕೆಲಸಕ್ಕೆ ತೆಗೆದುಕೊಂಡವು. ಮೈಸೂರು ರಾಜ್ಯ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಆಕಾಶದಿಂದ ಉದುರಿದ್ದಲ್ಲ. ಐಟಿಐ, ಎಚ್‌ಎಎಲ್ ತಂಡಗಳು ಮುಂದೆ ರಾಷ್ಟ್ರೀಯ ಲೀಗ್‌ವರೆಗೂ ಹೋಗಿ ಆಡಿದವು.

ಆಟಗಾರ ಕಾರ್ಖಾನೆಯ ನೌಕರ. ಬೆಳಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ಹಾಜರಿ. ಮೂವತ್ಮೂರಕ್ಕೆ ಮೊಣಕಾಲು ಕೈಕೊಟ್ಟರೂ ನೌಕರಿ ಕೈಕೊಡುತ್ತಿರಲಿಲ್ಲ, ಅರವತ್ತರ ಹತ್ತಿರದವರೆಗೆ ಸಂಬಳ ಇತ್ತು. ಅಂಥವನು ಸಂಜೆ ಕೇರಿಯ ಮೈದಾನಕ್ಕೆ ಬಂದು ಹುಡುಗರನ್ನು ಸೇರಿಸಿದರೆ ಯಾರ ಹತ್ತಿರವೂ ಹಣ ಕೇಳಬೇಕಾಗಿರಲಿಲ್ಲ. ಅವನ ಅನ್ನ ಬೇರೆ ಕಡೆಯಿಂದ ಬರುತ್ತಿತ್ತು. ಹುಡುಗನಿಗೆ ಬೈಯಬಹುದಿತ್ತು, ‘ನೀನು ಫಾರ್ವರ್ಡ್ ಅಲ್ಲ ಕಣೋ, ಬ್ಯಾಕ್ ಆಡು’ ಎನ್ನಬಹುದಿತ್ತು. ಕೋಚ್‌ಗೆ ಇರಬೇಕಾದ ಸ್ವಾತಂತ್ರ್ಯ ಇದೇ.

ಆ ಏರ್ಪಾಟಿನ ಹುಳುಕುಗಳನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಹೆಣ್ಣುಮಕ್ಕಳಿಗೆ ಅದರಲ್ಲಿ ಹೆಚ್ಚು ಜಾಗ ಇರಲಿಲ್ಲ. ಕ್ರೀಡಾ ಕೋಟಾದಲ್ಲಿ ವಶೀಲಿ ನಡೆಯುತ್ತಿತ್ತು. ನೌಕರಿ ಗಟ್ಟಿಯಾದ ಮೇಲೆ ಬೂಟನ್ನು ಅಟ್ಟಕ್ಕೆ ಹಾಕಿದವರೂ ಇದ್ದರು. ವೃತ್ತಿಪರ ಲೀಗುಗಳು ಬಂದ ಮೇಲೆ ನೌಕರರ ತಂಡ ಓಡಲಾರದೆ ಹಿಂದುಳಿಯಿತು. ಎಚ್‌ಎಎಲ್ ತಂಡ ಐ-ಲೀಗಿನಲ್ಲಿ ಆಡಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷವೇ ಜೆಎಸ್‌ಡಬ್ಲ್ಯು ಬಳಗ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಆ ತಂಡ ಮೊದಲ ಯತ್ನದಲ್ಲೇ 2013–14ರ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು, 2018–19ರಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವದಲ್ಲಿ ನೀಲಿ ಅಂಗಿಯ ಹುಡುಗರು ತುಂಬಿ ಹಾಡಿದರು. ಅದು ದೊಡ್ಡ ಸಾಧನೆ, ಅಲ್ಲಗಳೆಯುವುದಿಲ್ಲ. ಆದರೆ ಕಾರ್ಖಾನೆ ತಂಡ ಹೋದಾಗ ಎರಡು ವಸ್ತುಗಳು ಹೋದವು. ಒಂದು ತಂಡ, ಇನ್ನೊಂದು ನಿವೃತ್ತ ಆಟಗಾರನ ಸಂಬಳ. ತಂಡದ ಜಾಗಕ್ಕೆ ಅದಕ್ಕಿಂತ ಒಳ್ಳೆಯದು ಬಂತು. ಸಂಬಳದ ಜಾಗಕ್ಕೆ ಏನೂ ಬರಲಿಲ್ಲ.

ಹೊಸ ಏರ್ಪಾಟು ಎಷ್ಟು ತೆಳ್ಳಗಿದೆ ಎಂಬುದು 2025ರಲ್ಲಿ ಗೊತ್ತಾಯಿತು. ಒಕ್ಕೂಟ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದ ಮುಗಿಯುತ್ತ ಬಂದು, ಮುಂದೇನೆಂದು ತಿಳಿಯದೆ ಐಎಸ್‌ಎಲ್ ನಿಂತುಬಿಟ್ಟಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೂ ಸಾಕರ್ ಶಾಲೆಗಳಿಗೂ ಇದರಿಂದ ತೊಂದರೆ ಇಲ್ಲ ಎಂದೂ ಹೇಳಿತು. ಕ್ಲಬ್ಬಿನ ಮೇಲೆ ತಪ್ಪು ಹೊರಿಸಲು ಇದನ್ನು ಎತ್ತುತ್ತಿಲ್ಲ, ಲೀಗೇ ಇಲ್ಲದಿದ್ದರೆ ಕ್ಲಬ್ಬಾದರೂ ಏನು ಮಾಡೀತು. ನಾನು ಹೇಳುವುದು ಇಷ್ಟೇ: ದೇಶದ ಅತಿ ಗಟ್ಟಿ ಎನಿಸಿದ ಕ್ಲಬ್ಬೊಂದರಲ್ಲೂ ಫುಟ್‌ಬಾಲ್ ಸಂಬಳ ಒಂದು ಒಪ್ಪಂದದ ದಾರಕ್ಕೆ ನೇತಾಡುತ್ತಿತ್ತು. ಇದನ್ನು ನಂಬಿ ಯಾವ ಮಾಜಿ ಆಟಗಾರ ಎಂಟು ವರ್ಷ ಮಕ್ಕಳ ಜೊತೆ ಕೂರಬೇಕು?

ಈಗ ಈ ಊರಿನ ಆಟಗಾರರ ಬದುಕನ್ನೇ ನೋಡಿ. ಕಾರ್ಲ್‌ಟನ್ ಚಾಪ್‌ಮನ್ ಬೆಂಗಳೂರಿನ ಹುಡುಗ. ಡಿಫೆಂಡರ್ ಅಲ್ಲ, ಮಿಡ್‌ಫೀಲ್ಡರ್, ಭಾರತದ ನಾಯಕ. 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜಾವ್ರಾ ತಂಡದ ವಿರುದ್ಧ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಮೂರು ಗೋಲು ಹೊಡೆದವರು. ಜೆಸಿಟಿ ಜೊತೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದವರು, 2001ರಲ್ಲಿ ಈಸ್ಟ್ ಬೆಂಗಾಲ್ ನಾಯಕರಾಗಿ ಅದನ್ನೇ ಮತ್ತೆ ಗೆದ್ದವರು. ಅವರನ್ನು ತಿದ್ದಿದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1987ರಲ್ಲಿ ಒಂದು ಉಕ್ಕಿನ ಕಂಪನಿ ಹುಡುಗರಿಗೆ ಊಟ, ವಸತಿ, ಓದು, ಆಟ ಎಲ್ಲವನ್ನೂ ಕೊಟ್ಟು ನಡೆಸಿದ ಶಾಲೆ ಅದು. ಆರಂಭದಲ್ಲಿ ಹೇಳಿದ ಮಹೇಶ್ ಗವಳಿಯೂ ಅಲ್ಲಿಂದಲೇ ಬಂದವರು. ಆಟ ಬಿಟ್ಟ ಮೇಲೆ ಚಾಪ್‌ಮನ್ ಕೋಚ್ ಆಗಿ ಮರಳಿದ್ದೂ ಅಲ್ಲಿಗೇ. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ, ಕಡೆಗೆ ಕೋಳಿಕ್ಕೋಡಿನ ಒಂದು ಅಕಾಡೆಮಿ. ಬೆಂಗಳೂರು ಹೆತ್ತ ದೊಡ್ಡ ಆಟಗಾರರಲ್ಲಿ ಒಬ್ಬರಾದ ಈ ಮನುಷ್ಯ ತಾನು ಕಲಿತಿದ್ದರ ಬಹುಪಾಲನ್ನು ಬೇರೆ ಊರಿನ ಮಕ್ಕಳಿಗೆ ಕೊಟ್ಟರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಶ್ರದ್ಧಾಂಜಲಿಗಳು ಹೇರಳವಾಗಿ ಬಂದವು. ಬದುಕಿದ್ದಾಗ ಊರಿನ ಹೊರವಲಯದ ಒಂದು ಕಂಪನಿ ‘ಬನ್ನಿ ಸಾರ್, ನಮ್ಮ ಸುತ್ತಲಿನ ಹತ್ತು ಸರ್ಕಾರಿ ಶಾಲೆಗಳ ಮಕ್ಕಳಿಗೆ ಹೇಳಿಕೊಡಿ, ಸಂಬಳ ನಮ್ಮದು’ ಎಂದಿದ್ದರೆ ಆ ಶ್ರದ್ಧಾಂಜಲಿಗಳಿಗಿಂತ ದೊಡ್ಡ ಗೌರವವಾಗುತ್ತಿತ್ತು.

ಷಣ್ಮುಗಂ ವೆಂಕಟೇಶ್ ಕೂಡ ಬೆಂಗಳೂರಿನವರು, ಭಾರತಕ್ಕೆ ಆಡಿದವರು, ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆಗಿದ್ದವರು. 2019ರಿಂದ ಅವರು ಇಂಡಿಯನ್ ಆರೋಸ್ ತಂಡವನ್ನು ಪಳಗಿಸಿದರು. ವಿದೇಶಿ ಆಟಗಾರರಿಲ್ಲದೆ ಹದಿಹರೆಯದ ಹುಡುಗರನ್ನಷ್ಟೇ ಐ-ಲೀಗಿನ ದೊಡ್ಡವರ ಎದುರು ಆಡಿಸುತ್ತಿದ್ದ, ಒಕ್ಕೂಟವೇ ನಡೆಸುತ್ತಿದ್ದ ತಂಡ. ಸ್ಟಾಪರ್ ಜಾಗದಲ್ಲಿ ಹದಿನೆಂಟರ ಹುಡುಗನೊಬ್ಬ ಮೂವತ್ತರ ವಿದೇಶಿ ಸ್ಟ್ರೈಕರ್‌ನನ್ನು ತಡೆಯಬೇಕಾಗಿ ಬರುತ್ತಿದ್ದ ಏಕೈಕ ಶಾಲೆ ಎಂದರೂ ನಡೆದೀತು. 2022ರಲ್ಲಿ ಆ ತಂಡವನ್ನು ಬರಖಾಸ್ತು ಮಾಡಿದರು. ಅದೇ ವರ್ಷ ಭುವನೇಶ್ವರದಲ್ಲಿ ವೆಂಕಟೇಶ್ ಅವರ 20 ವರ್ಷದೊಳಗಿನವರ ಭಾರತ ತಂಡ ಬಾಂಗ್ಲಾದೇಶವನ್ನು 5–2ರಿಂದ ಸೋಲಿಸಿ ಸ್ಯಾಫ್ ಪ್ರಶಸ್ತಿ ಗೆದ್ದಿತು. ಫಲ ಬಂದ ವರ್ಷವೇ ಮರ ಕಡಿದರು.

ಮೂರನೆಯ ಹೆಸರು ಗೌರಮಾಂಗಿ ಸಿಂಗ್. ಮಣಿಪುರದ ಈ ಸೆಂಟರ್‌ಬ್ಯಾಕ್ 2010ರಲ್ಲಿ ದೇಶದ ವರ್ಷದ ಆಟಗಾರ. 2011ರ ಜನವರಿಯಲ್ಲಿ ದೋಹಾದ ಏಷ್ಯನ್ ಕಪ್‌ನಲ್ಲಿ ಬಹ್ರೇನ್ ವಿರುದ್ಧ ಗೋಲು ಹೊಡೆದ ಡಿಫೆಂಡರ್. ಆಟ ಬಿಟ್ಟ ಮೇಲೆ ಕೆಲಕಾಲ ನಮ್ಮ ಊರಿನಲ್ಲೇ ಇದ್ದರು, ಎಫ್‌ಸಿ ಬೆಂಗಳೂರು ಯುನೈಟೆಡ್ ತಂಡದ ಕೋಚುಗಳ ಬಳಗದಲ್ಲಿ. ಆಮೇಲೆ ಎಫ್‌ಸಿ ಗೋವಾ ಕರೆಯಿತು, ಸಹಾಯಕ ಕೋಚ್ ಆಗಿ ಹೊರಟುಹೋದರು. ಹೋದದ್ದು ತಪ್ಪಲ್ಲ, ಫುಟ್‌ಬಾಲ್ ಎಲ್ಲಿ ಕಸುಬಾಗಿ ಉಳಿದಿದೆಯೋ ಅಲ್ಲಿಗೆ ಕಸುಬುದಾರ ಹೋಗುತ್ತಾನೆ. ದೇಶದ ಅತ್ಯುತ್ತಮ ಡಿಫೆಂಡರುಗಳಲ್ಲಿ ಒಬ್ಬರು ಇಲ್ಲಿ ಇದ್ದರೆಂಬುದು ಸರ್ಜಾಪುರ ರಸ್ತೆಯ ಶೆಡ್ಡುಗಳ ಮಕ್ಕಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಎಂಬುದು ನನ್ನ ಕೊರಗು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ದೇಶದ ತಂಡಕ್ಕೆ ಆಡಿದವರು ಕ್ಲಬ್ಬುಗಳಿಗೇ ಹೋಗಲಿ, ಮಕ್ಕಳಿಗೆ ಸಾಧಾರಣ ಕೋಚ್ ಸಾಕು.’ ಇದು ಮೇಲ್ನೋಟಕ್ಕೆ ವಿವೇಕದ ಮಾತು. ಸಂಗೀತದಲ್ಲಿ ನಾವು ಹೀಗೆ ಹೇಳುತ್ತೇವೆಯೇ? ಸರಳೆ ವರಸೆ ಕಲಿಸುವವರ ಕಿವಿ ಸರಿಯಿಲ್ಲದಿದ್ದರೆ ಆಮೇಲೆ ಯಾವ ವಿದ್ವಾಂಸ ಬಂದರೂ ಶ್ರುತಿ ಕೂಡಿಸಲಾರ ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಡಿಫೆಂಡರ್‌ನ ನಿಲುವು ಕೂಡಿಕೊಳ್ಳುವುದು ಹನ್ನೆರಡರಿಂದ ಹದಿನಾರರ ನಡುವೆ. ಇಪ್ಪತ್ತಕ್ಕೆ ಕ್ಲಬ್ಬಿಗೆ ಬಂದವನ ತಪ್ಪು ಅಭ್ಯಾಸಗಳನ್ನು ಬಿಡಿಸುವುದರಲ್ಲೇ ದೊಡ್ಡ ಕೋಚುಗಳ ಹೊತ್ತು ಹೋಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ‘ಸಾರ್ವಜನಿಕ ಕಾರ್ಖಾನೆಗಳ ಕಾಲ ಮುಗಿಯಿತು. ಖಾಸಗಿ ಕಂಪನಿ ಮಾಜಿ ಆಟಗಾರನನ್ನು ಏಕೆ ಸಾಕಬೇಕು?’ ಸಾಕಬೇಕಾಗಿಲ್ಲ. ಕಾನೂನು ಈಗಾಗಲೇ ಹೇಳಿರುವುದನ್ನು ಮಾಡಿದರೆ ಸಾಕು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಿಎಸ್‌ಆರ್ ಎಂದು ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದೆಂಬ ಏಳನೆಯ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಎಂದು ಸ್ಪಷ್ಟವಾಗಿ ಬರೆದಿದೆ. ಫುಟ್‌ಬಾಲ್ ಒಲಿಂಪಿಕ್ ಕ್ರೀಡೆ. ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್‌ವರೆಗಿನ ಗಾಜಿನ ಕಟ್ಟಡಗಳಲ್ಲಿ ಈ ಅಳತೆಗೆ ಬರುವ ಕಂಪನಿಗಳಿಗೆ ಬರವಿಲ್ಲ. ಆಡಳಿತ ವೆಚ್ಚಕ್ಕೆ ಶೇಕಡ 5ರ ಮಿತಿ ಇದೆ ನಿಜ, ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಸೇರುವುದಿಲ್ಲ. ಮಕ್ಕಳ ಎದುರು ನಿಂತು ಕಲಿಸುವ ಕೋಚ್‌ನ ಸಂಬಳವೇ ಇಲ್ಲಿ ಯೋಜನೆ.

ಹಾಗಾದರೆ ಹಣ ಎಲ್ಲಿ ಹೋಗುತ್ತದೆ? ನೋಡುವವರಿಗೆ ಕಾಣುವ ಕಡೆ ಹೋಗುತ್ತದೆ. ಹೆಸರು ಅಚ್ಚಾದ ಜೆರ್ಸಿ, ಒಂದು ದಿನದ ಟೂರ್ನಿ, ಚೆಂಡು ಹಂಚುವ ಫೋಟೊ. ಬ್ಯಾಡ್ಮಿಂಟನ್‌ಗೆ ಒಳ್ಳೆಯ ನೆರವು ಸಿಕ್ಕಿದೆ, ಪ್ರಕಾಶ್ ಪಡುಕೋಣೆ ಅಕಾಡೆಮಿಯ ಜೊತೆ ಇನ್ಫೋಸಿಸ್ ಪ್ರತಿಷ್ಠಾನ ಕೈಜೋಡಿಸಿದ್ದು ಮೆಚ್ಚತಕ್ಕದ್ದು. ಒಬ್ಬಳ ಕೊರಳಿಗೆ ಪದಕ ಬಿದ್ದರೆ ನೆರವು ಕೊಟ್ಟವರ ಹೆಸರೂ ಹೊಳೆಯುತ್ತದೆ. ಹನ್ನೊಂದು ಜನರ ಆಟದಲ್ಲಿ, ಅದರಲ್ಲೂ ಹಿಂದಿನ ಸಾಲಿನಲ್ಲಿ, ಹೊಳೆಯುವುದಕ್ಕೆ ಏನೂ ಇಲ್ಲ. ಅದಕ್ಕೂ ಮೇಲೆ, ಸಿಎಸ್‌ಆರ್ ನಿಯಮಗಳಲ್ಲಿ ‘ಮುಂದುವರಿಯುವ ಯೋಜನೆ’ ಎಂದರೆ ಆರಂಭದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಡಿಫೆಂಡರ್ ಆಗಲು ಎಂಟು ವರ್ಷ ಬೇಕು. ಮುಗಿದ ಯೋಜನೆಯನ್ನು ಮತ್ತೆ ಹೂಡುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅಡ್ಡಿ ಇರುವುದು ಪ್ರತಿ ವರ್ಷ ಹೊಸ ಫೋಟೊ ಬೇಕೆನ್ನುವ ಮನಸ್ಸಿಗೆ. ಉಕ್ಕು ಮಾಡುವವರು ಒಂದು ಅಕಾಡೆಮಿ ಕೊಟ್ಟರು, ಟೆಲಿಫೋನು ಮಾಡುವವರು ಒಂದು ತಂಡ ಕೊಟ್ಟರು. ಸಾಫ್ಟ್‌ವೇರ್ ಮಾಡುವವರು ಈ ಊರಿನ ಫುಟ್‌ಬಾಲ್‌ಗೆ ಏನು ಕೊಟ್ಟರೆಂದು ಮುಂದಿನವರು ಕೇಳಿದರೆ ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಹಿಡಿದ ಟರ್ಫನ್ನು ತೋರಿಸಬೇಕೇ?

ಸರ್ಕಾರವೂ ಇಲ್ಲಿ ಪಾರಾಗುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕ ಇರಬೇಕೆನ್ನುತ್ತದೆ. ಅಂದರೆ ಕುರ್ಚಿಯನ್ನು ಕಾನೂನು ಆಗಲೇ ಹಾಕಿಟ್ಟಿದೆ. ದಾಸರಹಳ್ಳಿ, ಮಹದೇವಪುರ, ಆನೇಕಲ್ ಕಡೆಯ ಸರ್ಕಾರಿ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಬಿಹಾರದಿಂದ ಬಂದ ಕಾರ್ಮಿಕರ ಮಕ್ಕಳು ಕೂತಿದ್ದಾರೆ. ಆ ಕುರ್ಚಿಯಲ್ಲಿ ಲೈಸೆನ್ಸ್ ಪಡೆದ ಒಬ್ಬ ಮಾಜಿ ಆಟಗಾರ ಕೂರಲಿ, ಸಂಬಳದಲ್ಲಿ ಸರ್ಕಾರದ ಪಾಲು ಇಷ್ಟು, ಕಂಪನಿಯ ಪಾಲು ಇಷ್ಟು ಎಂದು ಬರೆದುಕೊಳ್ಳಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ವಿಷಯ ಇನ್ನೂ ಸುಲಭ. 2013ರಿಂದ ಅದಕ್ಕೆ ಎಲ್ಸಿಟಾ ಎಂಬ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ. ಆಸ್ತಿ ತೆರಿಗೆ ತಾನೇ ಸಂಗ್ರಹಿಸುತ್ತದೆ, ರಸ್ತೆ ದೀಪ ತಾನೇ ನೋಡಿಕೊಳ್ಳುತ್ತದೆ. ಊರಿನ ಉಳಿದವರು ಗುಂಡಿ ಎಣಿಸುವಾಗ ತನ್ನ ಅಚ್ಚುಕಟ್ಟಿನ ಬಗ್ಗೆ ಹೆಮ್ಮೆ ಪಡುವ ಪ್ರಾಧಿಕಾರ ಅದು. ಅಚ್ಚುಕಟ್ಟಾದ ರಸ್ತೆ ಕೊಟ್ಟವರಿಗೆ ನೂರು ಮೀಟರ್ ಉದ್ದದ ಒಂದು ಮಣ್ಣಿನ ಮೈದಾನವನ್ನು ಸುತ್ತಲಿನ ಹಳ್ಳಿ ಮಕ್ಕಳಿಗೆ ಬೀಗವಿಲ್ಲದೆ ತೆರೆದಿಡುವುದು, ಅಲ್ಲಿ ಒಬ್ಬ ಖಾಯಂ ಕೋಚ್ ಇಡುವುದು ಅಸಾಧ್ಯವೇ? 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಅಲ್ಲಿಗೆ ಓಡುತ್ತಿದೆ. ಪೀಣ್ಯಕ್ಕೆ 2014ರಿಂದಲೇ ಮೆಟ್ರೊ ಇದೆ, ವೈಟ್‌ಫೀಲ್ಡ್‌ಗೆ 2023ರಲ್ಲಿ ನೇರಳೆ ಮಾರ್ಗ ಪೂರ್ತಿಯಾಯಿತು. ಕೆಲಸಗಾರನನ್ನು ಕಾರ್ಖಾನೆಗೂ ಆಫೀಸಿಗೂ ಮುಟ್ಟಿಸಲು ಸಾವಿರಾರು ಕೋಟಿ ಸುರಿದ ಊರು ಅವನ ಮಗುವನ್ನು ಒಂದು ಮೈದಾನಕ್ಕೆ ಮುಟ್ಟಿಸಲು ಏಕೆ ಲೆಕ್ಕ ಹಾಕುತ್ತದೆ?

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಬಳಿಕ. ಹುಡುಗರಿಗೆ ಹಾರ ಹಾಕಿದೆವು, ಬಹುಮಾನ ಘೋಷಿಸಿದೆವು, ಮುಂದಿನ ವಾರ ಮರೆತೆವು. ಆ ತಂಡದ ಆಟಗಾರರೂ ಇನ್ನು ಹತ್ತು ವರ್ಷಕ್ಕೆ ಬೂಟು ಕಳಚುತ್ತಾರೆ. ಆಗ ಅವರಲ್ಲಿ ಹಿಂದಿನ ಸಾಲಿನಲ್ಲಿ ಆಡಿದವನು ಎಲ್ಲಿಗೆ ಹೋಗಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆ. ಅಂಬಿಗನಿಗೆ ಕೂಲಿ ಕೊಡದ ಊರಿನಲ್ಲಿ ಮುಂದಿನವರು ಹೊಳೆ ದಾಟುವುದು ಹೇಗೆಂದು ಗಾದೆ ಹೇಳುವುದಿಲ್ಲ.

ಆದ್ದರಿಂದ ಕೇಳಬೇಕಾದ್ದನ್ನು ಬಿಡಿಸಿ ಕೇಳುತ್ತೇನೆ. ಮೂರು ವಲಯ: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ. ವಲಯಕ್ಕೊಂದು ಪೂರ್ಣ ಅಳತೆಯ ಮೈದಾನ, ಶಾಲೆ ಬಿಟ್ಟ ಮೇಲೆ ಮೂರು ಗಂಟೆ ಬಡವರ ಮಕ್ಕಳಿಗೆ ತೆರೆದಿರಬೇಕು, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು. ವಲಯಕ್ಕೆ ನಾಲ್ಕು ಕೋಚುಗಳು, ರಾಜ್ಯಕ್ಕೋ ದೇಶಕ್ಕೋ ಆಡಿದವರು, ಅವರಲ್ಲಿ ಒಬ್ಬರಾದರೂ ಡಿಫೆಂಡರ್ ಆಗಿದ್ದವರು. ಎಂಟು ವರ್ಷದ ಕರಾರು, ಪಿಎಫ್, ಆರೋಗ್ಯ ವಿಮೆ. ಒಟ್ಟು ಹನ್ನೆರಡು ಜನರ ಸಂಬಳ. ಈ ಮೂರು ವಲಯಗಳ ಕಂಪನಿಗಳು ಒಂದು ವರ್ಷದಲ್ಲಿ ಮುಟ್ಟಿಸುವ ಸಿಎಸ್‌ಆರ್ ಹಣದ ಮುಂದೆ ಇದು ಎಣ್ಣೆ ಸೀಸೆಯ ತಳದ ಜಿಡ್ಡು. ಮಕ್ಕಳಿಂದ ಒಂದು ರೂಪಾಯಿ ಫೀಸು ಬೇಡ, ಕೋಚ್‌ನಿಂದ ಮೂರು ತಿಂಗಳಿಗೊಂದು ವಿಡಿಯೊ ಬೇಡ. ಎಂಟು ವರ್ಷ ಆದ ಮೇಲೆ ಬಂದು, ಹಿಂದಿನ ಸಾಲಿನಲ್ಲಿ ಯಾರು ನಿಂತಿದ್ದಾರೆ ಎಂದು ನೋಡಿ.